ಟ್ವಿಟರ್ ತೊರೆದವರು ಹೋದದ್ದೆಲ್ಲಿಗೆ?

(ಪಾಲಕರು ಮತ್ತು ಪದವಿ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಾಮಾಜಿಕ ಜಾಲತಾಣಗಳ ಕೆಡುಕುಗಳ ಕುರಿತು ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಿದ್ದರು. ಆ ಕೆಡುಕುಗಳ ಪಟ್ಟಿಯನ್ನು ನೀವು ಹಲವು ವೇದಿಕೆಗಳಲ್ಲಿ ಈಗಾಗಲೇ ಕೇಳಿದ್ದೀರಿ. ಕೇಳಿ ಮನೆಗೆ ಮರಳುವ ದಾರಿಯಲ್ಲೇ ಮೊಬೈಲ್ ತೆರೆದು ನೋಡುವುದು ನಮ್ಮೆಲ್ಲರ ಅಭ್ಯಾಸವೂ ಆಗಿದೆ. ಆದ್ದರಿಂದ ಸಂಘಟಕರ ಅನುಮತಿಯೊಂದಿಗೆ ವಿಷಯವನ್ನು ತುಸು ಬದಲಿಸುತ್ತೇನೆ. ಆ ತಾಣಗಳನ್ನು ತೊರೆದವರು ಹೋದದ್ದೆಲ್ಲಿಗೆ? ಹೋದವರಲ್ಲಿ ಬಹಳಷ್ಟು ಮಂದಿ ಯಾಕೆ ಮರಳಿದರು? ಮರಳಿದವರಲ್ಲಿ ನಾನೂ ಒಬ್ಬನಾದುದರಿಂದ ಇದನ್ನು ಕೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲು ನಮ್ಮ ಮನೆಯ ನಷ್ಟವೊಂದನ್ನು ಹೇಳಿಬಿಡುತ್ತೇನೆ. 2016ರಲ್ಲಿ ನನ್ನ ಸಹೋದರಿ ಮತ್ತು ಅವಳ ಗೆಳತಿಯರು ಸೇರಿ ಒಂದು ದೊಡ್ಡ ಕಂಪನಿಯ ತಾಣದಲ್ಲಿ ಪುಟವೊಂದನ್ನು ತೆರೆದರು. ಬ್ಯಾರಿ ಭಾಷೆಯ ಗಾದೆಗಳು, ಮದುವೆಯ ಮನೆಯ ಹಾಡುಗಳು, ಬೀಡಿ ಕಟ್ಟುತ್ತಾ ಮಕ್ಕಳನ್ನು ಓದಿಸಿದ ಅಜ್ಜಿಯರ ಜೀವನಕಥೆಗಳು, ಎಲ್ಲವನ್ನೂ ಧ್ವನಿಮುದ್ರಿಸಿ ಅಲ್ಲಿ ಹಾಕುತ್ತಿದ್ದರು. ಐದು ವರ್ಷಗಳ ದುಡಿಮೆ ಅದು. 2021ರ ಒಂದು ರಾತ್ರಿ ಆ ಪುಟ ಇಲ್ಲವಾಯಿತು. ನಿಯಮ ಉಲ್ಲಂಘನೆಯಾಗಿದೆ ಎಂಬ ಒಂದು ಸಾಲಿನ ಸೂಚನೆ ಮಾತ್ರ ಬಂದಿತ್ತು. ಯಾವ ನಿಯಮ, ಯಾವ ಹಾಡಿನಲ್ಲಿ ಎಂದು ಕೇಳಿ ಬರೆದ ಪತ್ರಗಳಿಗೆ ಯಂತ್ರವೇ ಉತ್ತರಿಸಿತು. ಧ್ವನಿ ನೀಡಿದ್ದ ಅಜ್ಜಿಯರಲ್ಲಿ ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಜಾಗ ಸಾಲದೆಂದು ಫೋನಿನಿಂದ ಆ ಮುದ್ರಣಗಳನ್ನು ಅಳಿಸಿಹಾಕಿದ್ದವರು ನಾವೇ. ಅಲ್ಲಿ ಇದೆಯಲ್ಲ, ಇಲ್ಲೇಕೆ ಎಂಬ ನಂಬಿಕೆ!

ಕಂಪನಿಯನ್ನು ದೂರುವುದು ಸುಲಭ. ಆದರೆ ನಾವು ಅಲ್ಲಿ ಬಾಡಿಗೆದಾರರೂ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಬಾಡಿಗೆ ಕೊಡುವವನಿಗೆ ಕರಾರುಪತ್ರವಿರುತ್ತದೆ, ನೋಟೀಸಿನ ಅವಧಿ ಇರುತ್ತದೆ. ನಾವು ಒಂದು ಪೈಸೆಯನ್ನೂ ಕೊಟ್ಟಿರಲಿಲ್ಲ. ಜಾಹೀರಾತುದಾರರಿಗೆ ತೋರಿಸಲ್ಪಡುವ ಕಣ್ಣುಗಳಾಗಿಯೇ ನಾವು ಅಲ್ಲಿದ್ದೆವು.

ಇದಕ್ಕೆ ಎರಡು ವರ್ಷಗಳ ಹಿಂದೆಯೇ ನಮ್ಮ ದೇಶದಲ್ಲಿ ಒಂದು ಗುಳೆ ನಡೆದಿತ್ತು. 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತುಗೊಳಿಸಿತು. ಹಿಟ್ಲರನ ಜರ್ಮನಿಯಲ್ಲಿ ಜನಸಮೂಹವೊಂದು ಕೈಚಾಚಿ ನಾಝಿ ವಂದನೆ ಸಲ್ಲಿಸುತ್ತಿರುವಾಗ ಒಬ್ಬನೇ ಒಬ್ಬ ಕೈಕಟ್ಟಿ ನಿಂತಿರುವ ಪ್ರಸಿದ್ಧ ಛಾಯಾಚಿತ್ರವನ್ನು ಅವರು ತಮ್ಮ ಖಾತೆಯಲ್ಲಿ ಹಾಕಿಕೊಂಡಿದ್ದರು. ದ್ವೇಷವನ್ನು ಧಿಕ್ಕರಿಸಿದವನ ಚಿತ್ರವನ್ನೇ ದ್ವೇಷದ ಚಿತ್ರವೆಂದು ಬಗೆಯಲಾಯಿತು. ಬಳಿಕ ಹಿಂದಿ ಕವಿ ಗೋರಖ್ ಪಾಂಡೆಯವರ ಕವಿತೆಯೊಂದನ್ನು ಹಿಂದೆ ಹಂಚಿಕೊಂಡಿದ್ದಕ್ಕಾಗಿ ಖಾತೆ ಮತ್ತೊಮ್ಮೆ ಅಮಾನತಾಯಿತು. ಅವರು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದರು. ಆ ನವೆಂಬರ್‌ನಲ್ಲಿ ಪತ್ರಕರ್ತರು, ವಕೀಲರು, ದಲಿತ ಮತ್ತು ಮುಸ್ಲಿಮ್ ಬರಹಗಾರರು, ವಿದ್ಯಾರ್ಥಿಗಳು ಗುಂಪುಗುಂಪಾಗಿ ಮಾಸ್ಟೊಡಾನ್ ಎಂಬ ಹೊಸ ಜಾಗಕ್ಕೆ ನಡೆದರು. ನಾನೂ ನಡೆದೆ.

ಮಾಸ್ಟೊಡಾನ್ ಎಂದರೇನು? ಜರ್ಮನಿಯ ಯುವಕ ಯೂಜನ್ ರೋಚ್ಕೊ 2016ರಲ್ಲಿ ಹೊರತಂದ ತಂತ್ರಾಂಶವದು. ಅದು ಒಂದು ತಾಣವಲ್ಲ, ಸಾವಿರಾರು ಸಣ್ಣ ತಾಣಗಳ ಒಕ್ಕೂಟ. ದೂರವಾಣಿಯನ್ನು ನೆನಪಿಸಿಕೊಳ್ಳಿ. ನಿಮ್ಮದು ಬಿಎಸ್ಸೆನ್ನೆಲ್, ನಿಮ್ಮ ಅಳಿಯನದ್ದು ಬೇರೆ ಕಂಪನಿ. ಆದರೂ ಕರೆ ಹೋಗುತ್ತದೆ. ಅದೇ ರೀತಿ ಇಲ್ಲಿ ಯಾರು ಬೇಕಾದರೂ ತಮ್ಮದೇ ಸರ್ವರ್ ಸ್ಥಾಪಿಸಬಹುದು. ಒಂದರಲ್ಲಿರುವವರು ಇನ್ನೊಂದರಲ್ಲಿರುವವರೊಂದಿಗೆ ಮಾತನಾಡಬಹುದು. ಇದಕ್ಕೆ ಬೇಕಾದ ಸಮಾನ ನಿಯಮಾವಳಿಗೆ ಆಕ್ಟಿವಿಟಿಪಬ್ ಎಂದು ಹೆಸರು. ಜಾಲದ ಮಾನದಂಡಗಳನ್ನು ನಿಗದಿಪಡಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರ ಜನವರಿಯಲ್ಲಿ ಅದನ್ನು ಅಂಗೀಕರಿಸಿತು. ಇಡೀ ವ್ಯವಸ್ಥೆಗೆ ಒಬ್ಬ ಮಾಲಕನಿಲ್ಲ, ಜಾಹೀರಾತುಗಳಿಲ್ಲ.

ಕೇಳಲು ಎಷ್ಟು ಸೊಗಸು! ನಾನು ಅಲ್ಲಿ ಕೆಲವೇ ವಾರಗಳಿದ್ದೆ. ಕನ್ನಡದಲ್ಲಿ ಬರೆದುದನ್ನು ಓದುವವರು ಬೆರಳೆಣಿಕೆಯಷ್ಟೇ ಇದ್ದರು. ನಮ್ಮವರಾರೂ ಅಲ್ಲಿ ಸರ್ವರ್ ಕಟ್ಟಲಿಲ್ಲ. ಬೇರೆ ದೇಶದವರು ತಮ್ಮ ಕೈಯಿಂದ ಹಣ ಹಾಕಿ ನಡೆಸುತ್ತಿದ್ದ ಮನೆಗಳಿಗೆ ಅತಿಥಿಗಳಾಗಿ ಹೋಗಿ, ಊಟ ಸಪ್ಪೆಯಾಯಿತೆಂದು ಎದ್ದುಬಂದೆವು. ಸಿಟ್ಟು ಆರಿದ ಕೂಡಲೇ ಹಳೆಯ ಮನೆಯ ಗದ್ದಲವೇ ಹಿತವೆನಿಸಿತು.

ಇದೇ ಕಥೆ ಜಗತ್ತಿನ ಮಟ್ಟದಲ್ಲಿಯೂ ಪುನರಾವರ್ತನೆಯಾಯಿತು. 2022ರ ಅಕ್ಟೋಬರ್ 27ರಂದು ಇಲಾನ್ ಮಸ್ಕ್ 44 ಬಿಲಿಯನ್ ಡಾಲರ್‌ಗಳಿಗೆ ಟ್ವಿಟರನ್ನು ಖರೀದಿಸಿದರು. ಮಾಸ್ಟೊಡಾನಿನ ಮಾಸಿಕ ಸಕ್ರಿಯ ಬಳಕೆದಾರರು ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಜಿಗಿದರು. ಡಿಸೆಂಬರ್‌ನಲ್ಲಿ ಟ್ವಿಟರ್ ಹಲವು ಪತ್ರಕರ್ತರ ಖಾತೆಗಳನ್ನು ಅಮಾನತುಗೊಳಿಸಿತು. ಮಾಸ್ಟೊಡಾನಿನ ವಿಳಾಸ ಹಂಚುವುದನ್ನೇ ನಿಷೇಧಿಸಿ, ವಿರೋಧ ಬಂದಾಗ ಬೇಗನೆ ಹಿಂದೆಗೆಯಿತು. ಬಾಗಿಲಿಗೆ ಬೀಗ ಹಾಕುವವನಿಗೂ ಭಯವಿದೆ ಎಂಬುದಕ್ಕೆ ಇದು ಸಾಕ್ಷಿ. ಆದರೂ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕೆಲವೇ ತಿಂಗಳಲ್ಲಿ ಚದುರಿಹೋದರು.

ಹಾಗಾದರೆ ಸ್ವದೇಶಿ ತಾಣ ಕಟ್ಟಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಕಟ್ಟಿದ್ದರಲ್ಲ! ಬೆಂಗಳೂರಿನ ಕೂ ತಾಣ 2020ರಲ್ಲಿ ಮೊದಲು ಆರಂಭವಾದದ್ದೇ ಕನ್ನಡದಲ್ಲಿ. ಸಚಿವರು, ಸರಕಾರಿ ಇಲಾಖೆಗಳು ಅಲ್ಲಿಗೆ ಧಾವಿಸಿದವು. ಬಂಡವಾಳ ಬತ್ತಿತು, ಕೊಳ್ಳುವವರೊಂದಿಗಿನ ಮಾತುಕತೆ ಮುರಿಯಿತು, 2024ರ ಜುಲೈಯಲ್ಲಿ ಅದು ಮುಚ್ಚಿತು. ಒಡೆಯ ಕನ್ನಡ ನಾಡಿನವನಾದರೂ ಒಡೆತನದ ಸ್ವರೂಪ ಅದೇ ಆಗಿತ್ತು.

ಕೆಲವರಿಗೆ ಇದೆಲ್ಲ ಪಟ್ಟಣದ ಯುವಕರ ಹವ್ಯಾಸದ ಮಾತೆನಿಸಬಹುದು. ಅಲ್ಲ. 2021ರ ಜುಲೈಯಲ್ಲಿ ಮತ್ತು 2022ರ ಜನವರಿಯ ಮೊದಲ ದಿನ ನಮ್ಮ ಸಮುದಾಯದ ಹೆಣ್ಣುಮಕ್ಕಳ ಭಾವಚಿತ್ರಗಳನ್ನು ಕದ್ದು, ಅವರನ್ನು 'ಹರಾಜಿಗೆ' ಇಟ್ಟ ಆ್ಯಪ್‌ಗಳನ್ನು ನೀವು ಮರೆತಿರಲಾರಿರಿ. ಎರಡನೆಯದರ ತನಿಖೆಯಲ್ಲಿ ಬಂಧಿತರಾದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ದೂರು ಕೊಟ್ಟಾಗ ಅದನ್ನು ಯಾರು ಓದುತ್ತಾರೆ, ಓದುವವನಿಗೆ ನಮ್ಮ ಭಾಷೆ ಗೊತ್ತಿದೆಯೇ ಎಂಬುದು ಜೀವನ್ಮರಣದ ಪ್ರಶ್ನೆ. ಮ್ಯಾನ್ಮಾರನ್ನು ನೋಡಿ. 2015ರ ಆರಂಭದಲ್ಲಿ ಬರ್ಮೀ ಭಾಷೆ ಬಲ್ಲ ಇಬ್ಬರೇ ಇಬ್ಬರು ಫೇಸ್‌ಬುಕ್‌ನಲ್ಲಿ ಅಂಥ ಬರಹಗಳನ್ನು ಪರಿಶೀಲಿಸುತ್ತಿದ್ದರೆಂದು ರಾಯಿಟರ್ಸ್ 2018ರಲ್ಲಿ ವರದಿ ಮಾಡಿತು. ರೊಹಿಂಗ್ಯಾಗಳ ವಿರುದ್ಧ ದ್ವೇಷ ಹರಡುವಲ್ಲಿ ಆ ತಾಣದ ಪಾತ್ರವನ್ನು ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ ಎತ್ತಿ ತೋರಿಸಿತು. ತಾನು ಸಾಕಷ್ಟು ಮಾಡಲಿಲ್ಲವೆಂದು ಕಂಪನಿ ಆ ವರ್ಷದ ನವೆಂಬರ್‌ನಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಗಡಿ ದಾಟಿ ಬಾಂಗ್ಲಾದೇಶ ಸೇರಿದ್ದರು.

ಸಣ್ಣ ತಾಣಗಳ ಒಕ್ಕೂಟದಲ್ಲಿ ದ್ವೇಷಕ್ಕೆ ಜಾಗವಿಲ್ಲವೆಂದು ನಾನು ಹೇಳಲಾರೆ. 2019ರ ಜುಲೈಯಲ್ಲಿ ಅಮೆರಿಕದ ಬಲಪಂಥೀಯರ ನೆಲೆಯಾಗಿದ್ದ ಗ್ಯಾಬ್ ತಾಣವು ಮಾಸ್ಟೊಡಾನ್ ತಂತ್ರಾಂಶವನ್ನೇ ಅಳವಡಿಸಿಕೊಂಡಿತು. ತಂತ್ರಾಂಶ ಮುಕ್ತವಾದುದರಿಂದ ತಡೆಯಲು ಯಾರಿಗೂ ಸಾಧ್ಯವಿರಲಿಲ್ಲ. ಆದರೆ ಬಹುತೇಕ ಸರ್ವರ್‌ಗಳು ಅದರೊಂದಿಗೆ ಸಂಪರ್ಕ ಕಡಿದುಕೊಂಡವು. ಕೋರ್ಟಿನ ಆದೇಶ ಬರಲಿಲ್ಲ, ಯಾವ ಸಿಇಒನ ಮರ್ಜಿಯನ್ನೂ ಕಾಯಬೇಕಾಗಲಿಲ್ಲ. ಅವರು ತಮ್ಮ ಮನೆಯಲ್ಲಿ ಉಳಿದರು, ಇವರು ಬಾಗಿಲು ತೆರೆಯಲಿಲ್ಲ. ನನ್ನನ್ನು ಈ ವ್ಯವಸ್ಥೆಯ ಕಡೆಗೆ ಮತ್ತೆ ಸೆಳೆದದ್ದು ಈ ಒಂದು ಘಟನೆ.

ಬಾಗಿಲು ಕಾಯುವವರು ಬೇಕು ಎಂಬುದೇ ಇದರ ಇನ್ನೊಂದು ಮುಖ. ಯುರೋಪಿನ ದತ್ತಾಂಶ ಸಂರಕ್ಷಣಾ ಮೇಲ್ವಿಚಾರಕರ ಕಚೇರಿ 2022ರ ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟದ ಸಂಸ್ಥೆಗಳಿಗಾಗಿ ಮಾಸ್ಟೊಡಾನ್ ಸರ್ವರೊಂದನ್ನು ತೆರೆಯಿತು. ಅದನ್ನು ಮುಂದೆ ವಹಿಸಿಕೊಳ್ಳುವ ಸಂಸ್ಥೆ ಸಿಗದೆ 2024ರ ಮೇ ತಿಂಗಳಲ್ಲಿ ಮುಚ್ಚಿಬಿಟ್ಟಿತು. ಹಣವಿತ್ತು, ಅಧಿಕಾರವಿತ್ತು, ಹೊಣೆ ಹೊರುವ ಹೆಗಲು ಇರಲಿಲ್ಲ. ಒಬ್ಬೊಬ್ಬರೇ ನಡೆಸುತ್ತಿದ್ದ ಸರ್ವರ್‌ಗಳು ಅವರಿಗೆ ದಣಿವಾದಾಗ ಕಣ್ಮರೆಯಾದ ಉದಾಹರಣೆಗಳೂ ಇವೆ. ಹಳೆಯ ಸರ್ವರ್ ಮುಚ್ಚುವ ಮೊದಲೇ ಹೊರಟರೆ ನಿಮ್ಮನ್ನು ಹಿಂಬಾಲಿಸುವವರನ್ನು ಹೊಸ ಸರ್ವರ್‌ಗೆ ಕರೆದೊಯ್ಯಬಹುದು. 2011ರ ಜನವರಿಯಿಂದ ದೇಶದಾದ್ಯಂತ ಫೋನ್ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ಬಂತಲ್ಲ, ಹಾಗೆ. ಆದರೆ ಹಳೆಯ ಬರಹಗಳು ಜೊತೆಗೆ ಬರುವುದಿಲ್ಲ. ಅಜ್ಜಿಯರ ಹಾಡಿನ ಪ್ರತಿಯನ್ನು ಅಲ್ಲಿಯೂ ನೀವೇ ಇಟ್ಟುಕೊಳ್ಳಬೇಕು.

ತಾಯಂದಿರು ಗಮನಿಸಬೇಕಾದ ಒಂದು ಮಾತಿದೆ. ಮಾಸ್ಟೊಡಾನಿನ ಖಾಸಗಿ ಸಂದೇಶವನ್ನು ಸರ್ವರ್ ನಡೆಸುವವರು ಬಯಸಿದರೆ ಓದಬಹುದಾದ ರೀತಿಯಲ್ಲೇ ಅದು ರೂಪುಗೊಂಡಿದೆ. ಅದನ್ನು ಮುಚ್ಚಿದ ಲಕೋಟೆಯೆಂದು ಭಾವಿಸದೆ ಅಂಚೆಕಾರ್ಡೆಂದೇ ತಿಳಿಯಿರಿ. ಕಾನೂನಿನಿಂದಲೂ ವಿನಾಯಿತಿ ಇಲ್ಲ. 2021ರ ಐಟಿ ನಿಯಮಗಳ ಕಠಿಣ ಭಾಗ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ತಾಣಗಳಿಗೆ ಅನ್ವಯವಾದರೂ, ಸಣ್ಣ ತಾಣವೂ ದೂರು ಸ್ವೀಕರಿಸುವ ಅಧಿಕಾರಿಯೊಬ್ಬರ ಹೆಸರನ್ನು ಪ್ರಕಟಿಸಲೇಬೇಕು.

ಆ ಹೆಸರು ಯಾರದ್ದು? ನಮ್ಮ ಮೊಹಲ್ಲಾಗಳಲ್ಲಿ ಜಮಾಅತ್ ಕಮಿಟಿಗಳಿವೆ. ತಿಂಗಳ ವಂತಿಗೆ ಇದೆ, ಲೆಕ್ಕ ಓದುವ ವಾರ್ಷಿಕ ಸಭೆ ಇದೆ, ಕಾರ್ಯದರ್ಶಿಯೊಂದಿಗೆ ಜಗಳವೂ ಇದೆ (ಇಲ್ಲಿ ಮಾಜಿ ಕಾರ್ಯದರ್ಶಿಗಳು ಮೂವರಾದರೂ ಕುಳಿತಿದ್ದಾರೆ, ಅವರು ನಗುತ್ತಿರುವುದು ನನಗೆ ಕಾಣುತ್ತಿದೆ). ನಡೆಸುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಕಮಿಟಿಯಲ್ಲಿ ಹೆಣ್ಣುಮಕ್ಕಳ ಹೆಸರಿಲ್ಲದಿರುವ ರೂಢಿಯನ್ನು ಮಾತ್ರ ಈ ಮನೆಗೆ ತರಬಾರದು. ಇಲ್ಲಿ ಮೊದಲ ಕಲ್ಲೇಟು ಬೀಳುವುದು ಅವರಿಗೆ.

ನನ್ನ ಸಹೋದರಿ ಮತ್ತು ಅವಳ ಗೆಳತಿಯರು ಮತ್ತೆ ಧ್ವನಿಮುದ್ರಣ ಆರಂಭಿಸಿದ್ದಾರೆ. ಪ್ರತಿಯೊಂದರ ಪ್ರತಿ ಈಗ ಎರಡು ಮನೆಗಳಲ್ಲಿದೆ. ಸಣ್ಣ ಸರ್ವರೊಂದರ ಬಾಡಿಗೆಗೆ ಹನ್ನೊಂದು ಕುಟುಂಬಗಳು ತಿಂಗಳಿಗೆ ನೂರು ರೂಪಾಯಿ ಕೊಡಲು ಒಪ್ಪಿವೆ. ತಾಂತ್ರಿಕ ಕೆಲಸಕ್ಕೆ ಹುಡುಗನೊಬ್ಬ ಸಿಕ್ಕಿದ್ದಾನೆ. ದೂರುಗಳನ್ನು ಓದಲು, ರಾತ್ರಿ ಹನ್ನೊಂದಕ್ಕೆ ಬಂದರೂ ಓದಲು, ಬ್ಯಾರಿ, ಉರ್ದು, ಕನ್ನಡ ಬಲ್ಲ ನಾಲ್ವರು ಬೇಕು. ಈವರೆಗೆ ಸಿಕ್ಕಿರುವುದು ಇಬ್ಬರು. ನನ್ನ ಮಾತು ಮುಗಿಯಿತು, ಹೆಸರು ಬರೆಯುವ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ.