ಶರದೃತುವಿನ ಅಡುಗೆಮನೆ ಮತ್ತು ಮಕ್ಕಳ ಕೈಗಳು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರ ಸಂರಕ್ಷಣೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ದೊಡ್ಡ ಸಂಗತಿಗಳು. ಅಣೆಕಟ್ಟು, ಹೆದ್ದಾರಿ, ಗುಡ್ಡ ಕುಸಿತ, ಹೊಳೆಯ ಮರಳು ಇವೆಲ್ಲ ಚರ್ಚೆಗೆ ಬರಲೇಬೇಕಾದ ವಿಷಯಗಳು, ಸಂದೇಹವಿಲ್ಲ. ಆದರೆ ಈ ದಿನ ನಾನು ಆಯ್ದುಕೊಂಡಿರುವುದು ಮನೆಯೊಳಗಿನ ಒಂದು ಸಣ್ಣ ವಿಷಯವನ್ನು. ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುವ ಶರದೃತುವಿನಲ್ಲಿ, ಅಂದರೆ ಆಶ್ವಯುಜ ಮತ್ತು ಕಾರ್ತಿಕ ಮಾಸಗಳಲ್ಲಿ, ಮೂರರಿಂದ ಎಂಟು ವರ್ಷದೊಳಗಿನ ಮಕ್ಕಳನ್ನು ಜೊತೆಗೆ ಕುಳ್ಳಿರಿಸಿಕೊಂಡು ನಾವು ಏನನ್ನು ಅಡುಗೆ ಮಾಡಬಹುದು, ಯಾವ ಕರಕುಶಲ ವಸ್ತುಗಳನ್ನು ರಚಿಸಬಹುದು ಎಂಬುದೇ ಆ ವಿಷಯ. ಕೈಯಿಂದ ಮುಟ್ಟಿ, ಮಡಚಿ, ಬೇಯಿಸಿ ತಿಂದ ಗಿಡವನ್ನು ಮಗು ಮರೆಯುವುದಿಲ್ಲ. ಹೆಸರು ಗೊತ್ತಿರುವ ಗಿಡವನ್ನು ಕಳೆಯೆಂದು ಭಾವಿಸಿ ನಾಶಮಾಡುವ ಮೊದಲು ಮನುಷ್ಯ ಒಂದು ಕ್ಷಣ ಯೋಚಿಸುತ್ತಾನೆ. ನನ್ನ ಮಾತಿನ ಸಾರಾಂಶ ಇಷ್ಟೇ.

ಪುತ್ತೂರು, ಸುಳ್ಯ ಹಾಗೂ ಇವೆರಡರ ಗ್ರಾಮಗಳನ್ನು ಕೂಡಿಸಿ ರಚಿತವಾದ ಕಡಬ, ಈ ಮೂರು ತಾಲೂಕುಗಳಲ್ಲಿ ಶರದೃತುವೆಂದರೆ ಏಣಿಲು ಬೆಳೆಯ ಕೊಯ್ಲಿನ ಕಾಲ. ತುಳುವರ ನಿರ್ನಾಲ ಮತ್ತು ಬೊಂತೆಲ್ ತಿಂಗಳುಗಳು. ಹೊಸ ತೆನೆಯನ್ನು ಮನೆಗೆ ತಂದು, ಮಾವು, ಹಲಸು, ಬಿದಿರು ಮುಂತಾದವುಗಳ ಎಲೆಗಳಲ್ಲಿ ಸುತ್ತಿ, ನಾರಿನಿಂದ ಬಿಗಿದು, ಬಾಗಿಲು, ಬಾವಿಕಟ್ಟೆ, ನೇಗಿಲು, ಭತ್ತದ ಕಣಜಗಳಿಗೆ ಕಟ್ಟುವ ಕುರಲ್ ಪರ್ಬ ಇಲ್ಲಿಯದೇ. ಪುಟ್ಟ ಮಗುವಿಗೆ ಇದಕ್ಕಿಂತ ಉತ್ತಮವಾದ ಕರಕುಶಲ ಪಾಠ ಮತ್ತೊಂದಿಲ್ಲ. ಒಂದೊಂದು ಬಗೆಯ ಎಲೆಯನ್ನು ತರಲು ಮಗುವನ್ನು ಕರೆದೊಯ್ಯುವಾಗಲೇ ಅದಕ್ಕೆ ಅಷ್ಟು ಮರಗಳ ಗುರುತು ಸಿಗುತ್ತದೆ. ಎಲೆಯನ್ನು ಜೋಡಿಸುವುದು, ನಾರು ಸೀಳುವುದು, ಗಂಟು ಹಾಕುವುದು ಬೆರಳಿಗೆ ಅಭ್ಯಾಸವಾಗುತ್ತದೆ. ಬಳಿಕ ಹೊಸ ಅಕ್ಕಿಯ ಊಟ, ಪಾಯಸ. ಅನ್ನ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಮಗು ಅಂಗಡಿಯ ಹೆಸರನ್ನು ಹೇಳಬೇಕಾಗುವುದಿಲ್ಲ.

ಇಲ್ಲಿಯೇ ನಮ್ಮ ಸಂಕಟವೂ ಇದೆ. ನಮ್ಮ ಬೈಲುಗಳಲ್ಲಿ ಬಹುಪಾಲು ಇಂದು ಅಡಿಕೆ ತೋಟಗಳಾಗಿವೆ, ಗುಡ್ಡಗಳು ರಬ್ಬರಿಗೆ ಒಳಗಾಗಿವೆ. ಕೂಲಿಯ ಅಭಾವ, ಬೆಲೆಯ ಅಂತರ, ಕಾಡುಪ್ರಾಣಿಗಳ ಹಾವಳಿ ಇವೆಲ್ಲ ಅದಕ್ಕೆ ಕಾರಣ. ಕೃಷಿಕನನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆದರೆ ಪರಿಣಾಮವನ್ನು ಗಮನಿಸಬೇಕು. ತೆನೆ ಕಟ್ಟುವ ಅನೇಕ ಮನೆಗಳು ತೆನೆಗಾಗಿ ಬೇರೆಯವರ ಗದ್ದೆಯನ್ನೋ ದೇವಸ್ಥಾನವನ್ನೋ ಅವಲಂಬಿಸಿವೆ. ಹಬ್ಬ ಉಳಿದಿದೆ, ಹಬ್ಬಕ್ಕೆ ಆಧಾರವಾದ ಗದ್ದೆ ಇಲ್ಲ. ಇನ್ನೊಂದು ತಲೆಮಾರು ಕಳೆದರೆ ಹಬ್ಬದ ಅರ್ಥವನ್ನು ವಿವರಿಸುವವರೂ ಇರಲಾರರು. ಅಂಗಳದ ಬದಿಯ ಅರ್ಧ ಸೆಂಟ್ಸ್ ಜಾಗದಲ್ಲಾದರೂ ಒಂದು ಹಿಡಿ ಭತ್ತವನ್ನು ಮಕ್ಕಳ ಕೈಯಿಂದ ಬಿತ್ತಿಸಿರಿ. ಅದು ಊಟಕ್ಕೆ ಸಾಲದು, ಪಾಠಕ್ಕೆ ಸಾಕು.

ಅಡುಗೆಯ ವಿಷಯಕ್ಕೆ ಬರೋಣ. ಈ ಋತುವಿನಲ್ಲಿ ಅರಿಶಿನದ ಎಲೆ ಅಗಲವಾಗಿ, ಪರಿಮಳಭರಿತವಾಗಿ ಬೆಳೆದಿರುತ್ತದೆ. ಗಡ್ಡೆ ಬಲಿಯುವ ಹೊತ್ತಿಗೆ ಎಲೆ ಒಣಗಿಹೋಗುವುದರಿಂದ ಎಲೆಯ ಉಪಯೋಗಕ್ಕೆ ಈಗಲೇ ಕಾಲ. ಅರಿಶಿನ ಎಲೆಯ ಗಟ್ಟಿಯನ್ನು ಮಕ್ಕಳೊಂದಿಗೆ ಮಾಡುವುದು ಸುಲಭ. ಬೆಳ್ತಿಗೆ ಅಕ್ಕಿಯನ್ನು ಮೂರು ನಾಲ್ಕು ಗಂಟೆ ನೆನೆಸಿ, ಉಪ್ಪು ಸೇರಿಸಿ, ದಪ್ಪಗೆ ನುಣ್ಣಗೆ ರುಬ್ಬಿಡಬೇಕು. ಎರಡು ಪಾಲು ತೆಂಗಿನತುರಿಗೆ ಒಂದು ಪಾಲು ಬೆಲ್ಲ, ಸ್ವಲ್ಪ ಏಲಕ್ಕಿ ಬೆರೆಸಿದರೆ ಹೂರಣ ಸಿದ್ಧ. ಮೂರು ವರ್ಷದ ಮಗು ಎಲೆಯನ್ನು ಒರೆಸಲಿ. ಐದು ವರ್ಷದ ಮಗು ಎಲೆಯ ಮೇಲೆ ಹಿಟ್ಟನ್ನು ತೆಳ್ಳಗೆ ಸವರಲಿ. ಏಳು ವರ್ಷದ ಮಗು ಹೂರಣವಿಟ್ಟು ಎಲೆಯನ್ನು ಉದ್ದಕ್ಕೆ ಮಡಚಲಿ. ಹಬೆಯ ಪಾತ್ರೆಯನ್ನು ಮಾತ್ರ ಹಿರಿಯರೇ ಮುಟ್ಟಬೇಕು. ಇಪ್ಪತ್ತರಿಂದ ಇಪ್ಪತ್ತೈದು ನಿಮಿಷಗಳಲ್ಲಿ ಬೆಂದ ಗಟ್ಟಿಯಿಂದ ಎಲೆಯನ್ನು ಬಿಡಿಸುವಾಗ ಎಲೆಯ ನರಗಳ ಗುರುತು ಹಿಟ್ಟಿನ ಮೇಲೆ ಮೂಡಿರುವುದನ್ನು ಮಕ್ಕಳಿಗೆ ತೋರಿಸಿರಿ. ಅದೂ ಸಸ್ಯಶಾಸ್ತ್ರವೇ.

ಹಾಗೆಯೇ ಹಲಸಿನ ಎಲೆಯ ಕೊಟ್ಟೆ. ನಾಲ್ಕು ಎಲೆಗಳನ್ನು ಅಡ್ಡಡ್ಡ ಜೋಡಿಸಿ, ಹಿಡಿಸೂಡಿಯ ಕಡ್ಡಿ ಚುಚ್ಚಿ ನಿಲ್ಲಿಸಿದರೆ ಕಡುಬು ಬೇಯಿಸುವ ಪಾತ್ರೆಯಾಗುತ್ತದೆ. ಕೆಸುವಿನ ಸೊಪ್ಪಿನ ಪತ್ರೊಡೆಯಲ್ಲಿ ಬೇರೊಂದು ಪಾಠವಿದೆ. ಹಸಿ ಕೆಸುವಿನಲ್ಲಿರುವ ಆಕ್ಸಲೇಟಿನ ಸೂಕ್ಷ್ಮ ಹರಳುಗಳು ಗಂಟಲು, ಚರ್ಮಗಳಿಗೆ ತುರಿಕೆ ಉಂಟುಮಾಡುವುದರಿಂದಲೇ ನಮ್ಮ ಹಿರಿಯರು ಹುಣಸೆಹುಳಿಯನ್ನು ಬೆರೆಸಿ ಚೆನ್ನಾಗಿ ಬೇಯಿಸುತ್ತಿದ್ದರು. ಈ ಎಲೆಯನ್ನು ಚಿಕ್ಕ ಮಕ್ಕಳು ಹಸಿಯಾಗಿ ಮುಟ್ಟದಿರುವುದು ಒಳ್ಳೆಯದು. ಪತ್ರೊಡೆಗೆ ಬಹಳ ಮಂದಿ ಬಯಸುವ ಮರಕೆಸುವು ಹಳೆಯ ಮರಗಳ ಕಾಂಡದ ಮೇಲೆ ಮಳೆಗಾಲದಲ್ಲಿ ಮಾತ್ರ ಚಿಗುರುತ್ತದೆ. ಹಳೆಯ ಮರವನ್ನು ಕಡಿದವನು ಒಂದು ಅಡುಗೆಯನ್ನೂ ಕಡಿದಂತೆ.

ಒಂದು ಎಚ್ಚರಿಕೆಯ ಮಾತು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಕೆಲವು ತೋಟಗಳಲ್ಲಿ ಕಳೆನಾಶಕವನ್ನೂ ಬಳಸುತ್ತಾರೆ. ಅಂತಹ ತೋಟದ ಬುಡದಿಂದ ಎಲೆ, ಸೊಪ್ಪುಗಳನ್ನು ಅಡುಗೆಗೆ ತರಬಾರದು. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಪರಿಣಾಮವನ್ನು ಈ ಜಿಲ್ಲೆ ಅನುಭವಿಸಿದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ನಿಷೇಧಿಸಿತು, ಪೀಡಿತ ಮಕ್ಕಳ ಪಾಲಿಗೆ ಅದು ತಡವಾಗಿತ್ತು. ಕಳೆನಾಶಕ ಬಿದ್ದ ನೆಲದಲ್ಲಿ ತಗತೆ, ಒಂದೆಲಗ, ಕೆಸುವುಗಳು ಕಳೆಯ ಜೊತೆಗೇ ಸಾಯುತ್ತವೆ. ನಾವು ತಿನ್ನುತ್ತಿದ್ದುದನ್ನೇ ಕಳೆಯೆಂದು ಕರೆದ ಮೇಲೆ ಮಕ್ಕಳಿಗೆ ತೋರಿಸಲು ಏನು ಉಳಿದೀತು?

ಇನ್ನು ಕೈಗೆಲಸ. ಮಳೆ ಬಿಟ್ಟ ಬಳಿಕ ಬೀಳುವ ಅಡಿಕೆ ಹಾಳೆ ಕೊಳೆಯದೆ ದೊರೆಯುತ್ತದೆ. ನೀರಿನಲ್ಲಿ ನೆನೆಸಿದರೆ ಅದು ಬಾಗುತ್ತದೆ, ಮುಟ್ಟಾಳೆಯಾಗುತ್ತದೆ. ಏನೂ ಮಾಡದಿದ್ದರೂ ಮಗುವನ್ನು ಕುಳ್ಳಿರಿಸಿ ಎಳೆಯುವ ಬಂಡಿಯಾಗುತ್ತದೆ. ತೆಂಗಿನ ಎಳೆಗರಿಯಿಂದ ಪೀಪಿ, ಗಿರಿಗಿಟ್ಟಿ, ಗಿಳಿ, ಹಾವು, ಚೆಂಡು, ವಾಚು. ನರಕ ಚತುರ್ದಶಿಯ ಮುನ್ನಾದಿನ ಸ್ನಾನದ ಹಂಡೆಗೆ ಬಳ್ಳಿ ಸುತ್ತಿ ಅಲಂಕರಿಸುವುದನ್ನು ಮಕ್ಕಳಿಗೇ ಬಿಡಬಹುದು. ಗೂಡುದೀಪಕ್ಕೆ ಸಮ ಉದ್ದದ ಹನ್ನೆರಡು ಬಿದಿರು ಕಡ್ಡಿಗಳು ಸಾಕು, ಚೌಕಾಕಾರದ ಗೂಡು ಸಿದ್ಧವಾಗುತ್ತದೆ. ಬಣ್ಣದ ಕಾಗದಕ್ಕೆ ಅನ್ನದ ಗಂಜಿಯೇ ಅಂಟು. ಒಳಗೆ ಹಣತೆಯನ್ನಿಟ್ಟರೆ ಹಿರಿಯರು ಹತ್ತಿರವಿರಬೇಕು. ಕರ್ನಾಟಕ ಸರಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಹೀಗಿರುವಾಗ ಶಾಲೆಯ ‘ಕ್ರಾಫ್ಟ್’ ಎಂದೊಡನೆ ಪೇಟೆಗೆ ಓಡಿ ಬಿಳಿಯ ಹಲಗೆಯನ್ನು ಹುಡುಕುವುದು ಕಾನೂನಿಗೂ ವಿವೇಕಕ್ಕೂ ಸಲ್ಲದು. ನಾವು ಎಸೆದದ್ದು ಕುಮಾರಧಾರೆ, ಪಯಸ್ವಿನಿಗಳಲ್ಲಿ ತೇಲಿ ಕಡಲನ್ನೇ ಸೇರುತ್ತದೆ.

ಕೈಗೆಲಸವು ಮಕ್ಕಳಾಟವೆಂಬ ತಾತ್ಸಾರ ಯಾರಿಗಾದರೂ ಇದ್ದರೆ ಅವರು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ನೋಡಬೇಕು. ಚಂಪಾಷಷ್ಠಿಯ ಬ್ರಹ್ಮರಥವನ್ನು ಬಿದಿರು, ಬೆತ್ತಗಳಿಂದ ಕಟ್ಟುವವರು ಮಲೆಕುಡಿಯ ಸಮುದಾಯದವರು. ಷಷ್ಠಿ ಬರುವುದು ಮಾರ್ಗಶಿರದಲ್ಲಿ, ಆದುದರಿಂದ ಬೆತ್ತ ತರುವ, ಸೀಳುವ, ಬಿಗಿಯುವ ಕೆಲಸಕ್ಕೆ ಅದಕ್ಕೂ ಮುನ್ನವೇ ತೊಡಗಬೇಕು. ಯಾವ ಬೆತ್ತ ಬಾಗುತ್ತದೆ, ಯಾವುದು ಬಿರುಕು ಬಿಡುತ್ತದೆ ಎಂಬ ಅರಿವು ಪುಸ್ತಕದಿಂದ ಬಂದುದಲ್ಲ. ಚಿಕ್ಕಂದಿನಿಂದ ಹಿರಿಯರ ಪಕ್ಕದಲ್ಲಿ ಕುಳಿತು ಕೈಯಿಂದ ಕೈಗೆ ಬಂದುದು. ಬೆತ್ತ ಬೆಳೆಯುವ ಕಾಡು ಉಳಿಯದಿದ್ದರೆ ಆ ಅರಿವಿಗೆ ಕೆಲಸವಿಲ್ಲ. ಅರಿವು ಉಳಿಯದಿದ್ದರೆ ಆ ಕಾಡಿನ ಬೆಲೆ ಯಾರಿಗೂ ತಿಳಿಯುವುದಿಲ್ಲ.

ಈ ವಿಚಾರ ಪುತ್ತೂರಿಗೆ ಹೊಸತಲ್ಲ. ಡಾ. ಶಿವರಾಮ ಕಾರಂತರು ಇಲ್ಲಿಯ ಪರ್ಲಡ್ಕದಲ್ಲಿ ಬಾಲವನವನ್ನು ಕಟ್ಟಿ, ಆಟ, ನಾಟಕ, ಕೈಕೆಲಸಗಳ ಮೂಲಕ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು. ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಬರೆದವರೂ ಅವರೇ. ಅದೇ ಕಾರಂತರು ಮುಂದೆ ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರ ಲೋಕಸಭಾ ಚುನಾವಣೆಯಲ್ಲಿ ಪರಿಸರದ ಪರವಾಗಿ ಕಣಕ್ಕಿಳಿದರು. ಮಕ್ಕಳ ಕೈಗೆಲಸ ಮತ್ತು ಕಾಡಿನ ಹೋರಾಟ ಎರಡೂ ಒಬ್ಬನೇ ವ್ಯಕ್ತಿಯ ಬದುಕಿನಲ್ಲಿ ಒಟ್ಟಿಗೆ ನಿಂತದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಕೊನೆಯದಾಗಿ ಎರಡು ವಿನಂತಿಗಳು. ಮನೆಯವರಲ್ಲಿ ಒಂದು: ನಿಮ್ಮ ಹಿತ್ತಿಲಿನ ಒಂದು ಮೂಲೆಯನ್ನು ಯಾವ ಕಳೆನಾಶಕವೂ ತಾಗದಂತೆ ಮಕ್ಕಳ ಪಾಲಿಗೆ ಬಿಟ್ಟುಬಿಡಿ. ಅಲ್ಲಿ ಅರಿಶಿನ, ಕೆಸುವು, ಬಸಳೆ ಬೆಳೆಯಲಿ. ವಿದ್ಯಾರ್ಥಿಗಳಲ್ಲಿ ಇನ್ನೊಂದು: ಈ ರಜೆಯಲ್ಲಿ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ತೆಂಗಿನ ಗರಿಯಿಂದ ಅವರು ಎಷ್ಟು ಬಗೆಯ ಆಟಿಕೆಗಳನ್ನು ಮಾಡಬಲ್ಲರು, ಯಾವ ಎಲೆಯಲ್ಲಿ ಯಾವ ಕಡುಬನ್ನು ಬೇಯಿಸುತ್ತಿದ್ದರು ಎಂಬುದನ್ನು ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಹೀಗೆ ನಿಮ್ಮ ಮನೆಮಾತಿನ ಹೆಸರುಗಳೊಡನೆ ಬರೆದಿಡಿ. ಬರೆದುದನ್ನು ತಂಗಿ ತಮ್ಮಂದಿರ ಜೊತೆ ಕುಳಿತು ಮಾಡಿ ನೋಡಿ. ಪುಸ್ತಕದಲ್ಲಿ ಉಳಿದ ಹೆಸರು ಅರ್ಧ ಉಳಿದಂತೆ, ಕೈಯಲ್ಲಿ ಉಳಿದದ್ದು ಮುಂದಿನವರಿಗೂ ದಾಟುತ್ತದೆ.