ಚೌಕಟ್ಟು ಬದಲಾದಾಗ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಮಾತು. ಕಟ್ಟುವುದೇ ಇಷ್ಟು ಕಷ್ಟವಾದರೆ, ಒಳಗೆ ಜನ ವಾಸವಾಗಿರುವಾಗಲೇ ಕಂಬ ತೊಲೆಗಳನ್ನು ಬದಲಾಯಿಸುವುದು ಇನ್ನೆಷ್ಟು ಕಷ್ಟ! ಅಂಥದೊಂದು ಪೇಚು 2014ರಲ್ಲಿ ಕಂಪ್ಯೂಟರ್ ಪ್ರೋಗ್ರಾಮರುಗಳಿಗೆ ಒದಗಿತು.

ರೈಲಿನ ಟಿಕೆಟ್ಟು, ಬ್ಯಾಂಕಿನ ಲೆಕ್ಕ ಮೊದಲಾದುವನ್ನು ಈಗ ನಾವು ಅಂತರ್ಜಾಲದ ಪುಟಗಳಲ್ಲಿ ನೋಡುತ್ತೇವಷ್ಟೆ. ಇವನ್ನು ರಚಿಸುವವರು ಎಲ್ಲವನ್ನೂ ಬುಡದಿಂದ ಬರೆಯುವುದಿಲ್ಲ. ಯಾವ ಪುಟಕ್ಕಾದರೂ ಬೇಕಾಗುವ ಭಾಗಗಳನ್ನು ಮೊದಲೇ ಜೋಡಿಸಿಟ್ಟ ಚೌಕಟ್ಟೊಂದನ್ನು ತಂದು, ಅದರ ಮೇಲೆ ತಮ್ಮ ಕೆಲಸವನ್ನು ಕಟ್ಟುತ್ತಾರೆ. ಇದಕ್ಕೆ ಫ್ರೇಮ್‌ವರ್ಕ್ ಎಂದು ಹೆಸರು. ಗೂಗಲ್ ಸಂಸ್ಥೆಯವರು ಬೆಳೆಸಿ, ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟ ಆಂಗ್ಯುಲರ್‌ಜೆಎಸ್ ಅಂಥ ಒಂದು ಚೌಕಟ್ಟು. ಅದರ 1.0 ಆವೃತ್ತಿ 2012ರಲ್ಲಿ ಹೊರಬಂದು, ಬಹುಬೇಗ ಜನಪ್ರಿಯವಾಯಿತು.

2014ರ ಅಕ್ಟೋಬರಿನಲ್ಲಿ ಪ್ಯಾರಿಸ್ ನಗರದ ಸಮ್ಮೇಳನವೊಂದರಲ್ಲಿ ಅದರ ಕರ್ತೃಗಳು 2ನೆಯ ಆವೃತ್ತಿಯ ರೂಪರೇಷೆಯನ್ನು ವಿವರಿಸಿದರು. ಅದು ಹಳೆಯದರ ತಿದ್ದುಪಡಿಯಲ್ಲ. ಹೊಸದಾಗಿಯೇ ಎತ್ತಿದ ಕಟ್ಟಡ. ಕಂಟ್ರೋಲರ್, ಸ್ಕೋಪ್ ಮುಂತಾದ ಚಿರಪರಿಚಿತ ಭಾಗಗಳು ಅದರಲ್ಲಿ ಇಲ್ಲ. ಬರೆಯುವ ರೀತಿಯೂ ಬೇರೆ. ಹಳೆಯ ಕೆಲಸವನ್ನು ಹೊಸದಕ್ಕೆ ಸಾಗಿಸುವ ದಾರಿ ಯಾವುದೆಂಬುದಕ್ಕೆ ಮಾತ್ರ ಆಗ ಸ್ಪಷ್ಟವಾದ ಉತ್ತರವಿರಲಿಲ್ಲ.

ಪ್ರೋಗ್ರಾಮರುಗಳು ಕಳವಳಗೊಂಡುದರಲ್ಲಿ ಆಶ್ಚರ್ಯವೇನು? ಕಷ್ಟಪಟ್ಟು ಕಲಿತ ವಿದ್ಯೆ ವ್ಯರ್ಥವಾಗುವುದೆ? ನಾಳೆ ಆರಂಭಿಸಬೇಕಾದ ಕೆಲಸಕ್ಕೆ ಹಳೆಯದನ್ನೇ ಬಳಸುವುದೊ, ಹೊಸದು ಬರುವವರೆಗೆ ಕಾಯುವುದೊ? ಮುಗಿಸಿ ಒಪ್ಪಿಸಿದ ಕೆಲಸವನ್ನು ಮತ್ತೊಮ್ಮೆ ಬರೆಯುವ ಖರ್ಚನ್ನು ಯಾರು ಹೊರಬೇಕು?

ಕರ್ತೃಗಳ ಕಡೆಯೂ ನ್ಯಾಯವಿತ್ತು. ಹಳೆಯ ಚೌಕಟ್ಟು, ಪುಟದಲ್ಲಿ ಏನಾದರೂ ಬದಲಾಗಿದೆಯೆ ಎಂದು ಒಂದೊಂದು ಅಂಶವನ್ನೂ ಮತ್ತೆ ಮತ್ತೆ ಪರೀಕ್ಷಿಸುತ್ತಿತ್ತು. ಅಂಶಗಳು ಹೆಚ್ಚಿದಂತೆ ವೇಗ ಕುಗ್ಗುತ್ತಿತ್ತು. ಮೊಬೈಲ್ ಫೋನುಗಳಲ್ಲಿ ಇದು ಇನ್ನಷ್ಟು ತೊಡಕು. ಮೇಲಾಗಿ ಜಾವಾಸ್ಕ್ರಿಪ್ಟ್ ಭಾಷೆಯೇ ಬದಲಾಗುತ್ತಿತ್ತು. ಗೆದ್ದಲು ಹತ್ತುವ ಮುನ್ನ ತೊಲೆ ಬದಲಿಸುವುದು ಜಾಣತನವೇ.

ಕೊನೆಗೆ ದಾರಿ ದೊರೆಯಿತು. 2016ರ ಸೆಪ್ಟೆಂಬರಿನಲ್ಲಿ ಹೊಸ ಆವೃತ್ತಿ ಪ್ರಕಟವಾದಾಗ, ಹಳೆಯದೂ ಹೊಸದೂ ಒಂದೇ ಕೆಲಸದಲ್ಲಿ ಜೊತೆಯಾಗಿ ನಡೆಯುವಂಥ ಸಾಧನವೂ ಅದರೊಡನೆ ಬಂತು. ಒಂದು ಕೋಣೆಯಲ್ಲಿ ಸಂಸಾರ, ಇನ್ನೊಂದರಲ್ಲಿ ರಿಪೇರಿ ಎಂಬಂತೆ, ಭಾಗ ಭಾಗವಾಗಿ ಬದಲಾಯಿಸಲು ಅನುಕೂಲವಾಯಿತು. ಹಳೆಯ ಆವೃತ್ತಿಯನ್ನು 2021ರ ಡಿಸೆಂಬರ್ 31ರವರೆಗೆ ನೋಡಿಕೊಂಡರು. ಆದರೂ ಕಾಯಲಾರದ ಅನೇಕರು ಅಷ್ಟರಲ್ಲಿ ಬೇರೆ ಚೌಕಟ್ಟುಗಳಿಗೆ ಹೊರಟುಹೋಗಿದ್ದರು.

ದಾನ ಕೊಟ್ಟ ಆಕಳ ಹಲ್ಲು ಎಣಿಸಬಹುದೆ ಎಂದು ಕೆಲವರು ಕೇಳಿಯಾರು. ಆದರೆ ಬಿಟ್ಟಿಯಾಗಿ ಕೊಟ್ಟ ವಸ್ತುವನ್ನು ನಂಬಿ ಜನ ಬದುಕು ಕಟ್ಟಿಕೊಂಡ ಮೇಲೆ, ಕೊಟ್ಟವನಿಗೂ ಒಂದು ಹೊಣೆ ಬಂದೇ ಬರುತ್ತದೆ. ಬದಲಾಯಿಸುವ ಹಕ್ಕು ಅವನದು, ನಿಜ. ಹೊಸ ಮನೆಯ ನಕ್ಷೆಯನ್ನು ತೋರಿಸುವ ದಿನವೇ, ಹಳೆಯ ಮನೆಯಿಂದ ಅಲ್ಲಿಗೆ ಹೋಗುವ ದಾರಿಯನ್ನೂ ತೋರಿಸಿದ್ದರೆ ಎರಡು ವರ್ಷದ ಆತಂಕವಾದರೂ ತಪ್ಪುತ್ತಿತ್ತು.