ನೀನೋ, ನೀವೋ?



ಬೆಟಗೇರಿಯ ನಮ್ಮ ಮನೆಯಲ್ಲಿ ಅಜ್ಜಿ ತೀರಿಕೊಂಡ ದಿನ ಅಂಗಳದ ತುಂಬ ಜನ ಸೇರಿದ್ದರು. ನಮ್ಮ ಪ್ರೊಟೆಸ್ಟಂಟ್ ಸಭೆಯವರಿದ್ದರು, ಓಣಿಯವರಿದ್ದರು. ಚಿಗವ್ವನ ತವರಿನವರೂ ಬಂದಿದ್ದರು. ಅವರು ಮೈಸೂರು ಕಡೆಯ ಕಥೋಲಿಕರು. ಮಣ್ಣಿಗೆ ಹೊರಡುವ ಮುಂಚೆ ಸಭಾಪಾಲಕರು, ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಹೇಳೋಣ ಅಂದರು. ಯೇಸು ತನ್ನ ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆ ಅದು. ಎಲ್ಲರಿಗೂ ಬಾಯಿಪಾಠ. ‘ತಂದೆಯೇ’ ಅನ್ನುವವರೆಗೆ ಅಂಗಳದಲ್ಲಿ ಒಂದೇ ದನಿ. ಮುಂದಿನ ಮಾತಿಗೇ ದನಿ ಎರಡಾಯಿತು. ನಮ್ಮವರು ‘ನಿನ್ನ’ ಅಂದರು, ಚಿಗವ್ವನ ಕಡೆಯವರು ‘ನಿಮ್ಮ’ ಅಂದರು. ಕೊನೆಯಲ್ಲಿ ಅವರು ಆಮೆನ್ ಹೇಳಿ ಸುಮ್ಮನಾದ ಮೇಲೂ ನಮ್ಮವರದು ರಾಜ್ಯ, ಬಲ, ಮಹಿಮೆ ಎಂದು ಇನ್ನೊಂದು ಸಾಲು ನಡೆದಿತ್ತು.

ಆ ಕೊನೆಯ ಸಾಲಿನ ಕತೆ ದೊಡ್ಡದಲ್ಲ. ಮತ್ತಾಯನ ಸುವಾರ್ತೆಯ ಅತಿ ಹಳೆಯ ಗ್ರೀಕ್ ಪ್ರತಿಗಳಲ್ಲಿ ಅದಿಲ್ಲ, ಆಮೇಲಿನ ಪ್ರತಿಗಳಲ್ಲಿದೆ. ಅಷ್ಟೆ. ನನ್ನ ತಲೆಯಲ್ಲಿ ಉಳಿದದ್ದು ಆ ‘ನಿನ್ನ’ ಮತ್ತು ‘ನಿಮ್ಮ’. ದೇವರನ್ನು ಏಕವಚನದಲ್ಲಿ ಕರೆಯಬೇಕೋ ಬಹುವಚನದಲ್ಲೋ? ಈ ಪ್ರಶ್ನೆ ಮೂಲದ ಗ್ರೀಕಿಗೆ ಎದುರಾಗಲೇ ಇಲ್ಲ. ಆ ಗ್ರೀಕಿನಲ್ಲಿ ಗೌರವಕ್ಕೊಂದು ಬೇರೆ ‘ನೀವು’ ಇರಲಿಲ್ಲ. ರಾಜನಾದರೂ ನೀನೇ, ಆಳಾದರೂ ನೀನೇ. ಕನ್ನಡ ಹಾಗಲ್ಲ. ಇಲ್ಲಿ ಬಾಯಿ ತೆರೆದ ಕೂಡಲೇ ಎದುರಿಗಿರುವವರು ಯಾರು, ನನಗೆ ಎಷ್ಟು ಹತ್ತಿರದವರು ಎಂದು ತೀರ್ಮಾನಿಸಬೇಕು. ದೇವರ ವಿಷಯದಲ್ಲಿ ಆ ತೀರ್ಮಾನ ಮಾಡಿದವರು ಯಾರು, ಯಾವಾಗ ಎಂಬುದೇ ಇವತ್ತಿನ ನನ್ನ ಮಾತು.

ಶುರು ಮಾಡಬೇಕಾದದ್ದು ಶ್ರೀರಂಗಪಟ್ಟಣದಿಂದ. 1648ರ ಸುಮಾರಿಗೆ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಅಲ್ಲಿಗೆ ಬಂದು ಮೈಸೂರು ಮಿಷನ್ ಆರಂಭಿಸಿದ. ಕನ್ನಡ ಕಲಿತು ಆ ಭಾಷೆಯಲ್ಲಿ ಧರ್ಮೋಪದೇಶದ ಪುಸ್ತಕ ಬರೆದ. ಪೂಜೆ ಮಾತ್ರ ಲ್ಯಾಟಿನ್ನಿನಲ್ಲೇ. ಗುಡಿಯೊಳಗೆ ಗುರುಗಳು ತಮಗೆ ಬಂದ ಭಾಷೆಯಲ್ಲಿ ದೇವರ ಹತ್ತಿರ ಮಾತಾಡುತ್ತಿದ್ದರು, ಜನ ತಮ್ಮ ಭಾಷೆಯಲ್ಲಿ ಜಪಸರ ಎಣಿಸುತ್ತಿದ್ದರು. ಕೈಗೆ ಪುಸ್ತಕವಿಲ್ಲ, ಓದಲು ಅಕ್ಷರವಿಲ್ಲ. ಪ್ರಾರ್ಥನೆ ಕಿವಿಯಿಂದ ಕಿವಿಗೆ ದಾಟಿ ಬಂದದ್ದು. ಹಾಗೆ ಬಂದ ಮಾತು ಬಹಳ ಗಟ್ಟಿ. ಅದನ್ನು ಆಮೇಲೆ ಯಾವ ಸಮಿತಿಯೂ ಸುಲಭವಾಗಿ ತಿದ್ದಲಾರದು.

1773ರಲ್ಲಿ ಪೋಪರು ಜೆಸ್ವಿಟ್ ಸಂಘವನ್ನೇ ವಿಸರ್ಜಿಸಿದ ಮೇಲೆ ಮೈಸೂರು ಮಿಷನ್ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಕೈಗೆ ಹೋಯಿತು. ಅಂದರೆ ಫ್ರೆಂಚ್ ಗುರುಗಳ ಕೈಗೆ. ಇಲ್ಲೊಂದು ಸ್ವಾರಸ್ಯವಿದೆ. ಫ್ರೆಂಚಿನಲ್ಲೂ ನಮ್ಮ ಹಾಗೆ ‘ನೀನು’, ‘ನೀವು’ ಎರಡೂ ಇವೆ. ಫ್ರಾನ್ಸಿನ ಕಥೋಲಿಕರು ಇದೇ ಪ್ರಾರ್ಥನೆಯಲ್ಲಿ ದೇವರನ್ನು ಬಹುಕಾಲ ‘ನೀವು’ ಎಂದೇ ಕರೆದರು. ‘ನೀನು’ ಎಂದು ಬದಲಾದದ್ದು 1966ರಲ್ಲಿ. ಮನೆಯಲ್ಲಿ ಹುಟ್ಟಿನಿಂದ ದೇವರಿಗೆ ‘ನೀವು’ ಅಂದುಕೊಂಡೇ ಬೆಳೆದ ಗುರು ಕನ್ನಡದಲ್ಲಿ ‘ನಿಮ್ಮ’ ಕೇಳಿದರೆ ಅವನ ಕಿವಿಗೆ ಅದು ಸಹಜವಾಗಿಯೇ ಕೇಳಿಸಿರಬೇಕು. ಇದು ನನ್ನ ಊಹೆ, ಪಟ್ಟು ಹಿಡಿಯುವುದಿಲ್ಲ. ಪಕ್ಕದ ತಮಿಳಿನಲ್ಲಿ ಕಥೋಲಿಕರೂ ಪ್ರೊಟೆಸ್ಟಂಟರೂ ಇಬ್ಬರೂ ಮರ್ಯಾದೆ ಕೊಟ್ಟೇ ಕರೆಯುತ್ತಾರೆ. ಆ ಕಡೆಯಿಂದಲೂ ಗಾಳಿ ಬೀಸಿರಬಹುದು.

ಇನ್ನು ನಮ್ಮ ‘ನಿನ್ನ’. ಇದರ ದಾರಿ ಬಳ್ಳಾರಿಯದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಆಗ ಅವನ ಕೈಯಲ್ಲಿ ನೆಚ್ಚಿಕೊಳ್ಳುವಂಥ ಅಚ್ಚಾದ ಕನ್ನಡ ನಿಘಂಟು ಇರಲಿಲ್ಲ. ಪಂಡಿತರನ್ನು ಕೂರಿಸಿಕೊಂಡು ಒಂದೊಂದೇ ಪದ ಕೇಳಿ ಬರೆದುಕೊಳ್ಳಬೇಕಿತ್ತು. ಇಪ್ಪತ್ತು ವರ್ಷದ ದುಡಿತ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಅವನ ಜೊತೆಗಾರ ವಿಲಿಯಂ ರೀವ್ ಈ ಕೆಲಸದ ನಡುವೆಯೇ ನಿಘಂಟುಗಳನ್ನು ಕಟ್ಟಿದ. ಅತ್ತ ಬಂಗಾಳದ ಸೆರಾಂಪುರದಲ್ಲಿ ಮಿಷನರಿ ವಿಲಿಯಂ ಕೇರಿಯೂ ಕನ್ನಡಕ್ಕೆ ಕೈ ಹಾಕಿದ್ದ. 1812ರ ಬೆಂಕಿಯಲ್ಲಿ ಅಲ್ಲಿನ ಮುದ್ರಣಾಲಯದ ಅಚ್ಚುಮೊಳೆಗಳೂ ಹಸ್ತಪ್ರತಿಗಳೂ ಸುಟ್ಟುಹೋದವು. ಮತ್ತೆ ಕೂತು, 1817ರಲ್ಲಿ ಕನ್ನಡ ವ್ಯಾಕರಣವನ್ನೇ ಅಚ್ಚು ಹಾಕಿದ.

ಈ ಅನುವಾದಗಳನ್ನು ಮೊದಲು ಜರೆದವರಲ್ಲಿ ಒಬ್ಬ ಕ್ರೈಸ್ತ ಪಾದ್ರಿಯೇ ಇದ್ದ ಎಂದರೆ ನಿಮಗೆ ನಗು ಬರಬಹುದು. ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದ ಆಬೆ ದುಬಾಯ್ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಬೈಬಲ್ ಅನುವಾದದ ಉತ್ಸಾಹಕ್ಕೆ ತಣ್ಣೀರೆರಚಿದ. ಕನ್ನಡದಲ್ಲಿ ಬಂದ ಆದಿಕಾಂಡದ ಮೊದಲ ಅಧ್ಯಾಯವನ್ನೇ ಎತ್ತಿಕೊಂಡು, ಈ ಶೈಲಿಯನ್ನು ಇಲ್ಲಿನ ಓದುಬರಹ ಬಲ್ಲವರು ಮೆಚ್ಚಲಾರರು ಎಂಬ ಧಾಟಿಯಲ್ಲಿ ಬರೆದ. ಅವನ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಒಂದು ಕನ್ನಡವನ್ನು ಪಂಡಿತನ ಬಾಯಿಂದ ಕೇಳಿ, ಪರದೇಶಿಯ ಕಿವಿಯಲ್ಲಿ ಸೋಸಿ, ಗ್ರೀಕಿಗೂ ಹೀಬ್ರೂವಿಗೂ ಒಪ್ಪುವಂತೆ ಹೊಸೆದರೆ ಎಲ್ಲೋ ಒಂದು ಕಡೆ ಗಂಟು ಬಿದ್ದೇ ಬೀಳುತ್ತದೆ.

ಆದರೆ ಅದೇ ಆದಿಕಾಂಡದ ಮೊದಲ ವಾಕ್ಯ ನನಗೆ ಬಹಳ ಇಷ್ಟ. ನಮ್ಮ ಮನೆಯ ಹಳೆಯ ಸತ್ಯವೇದದಲ್ಲಿ ಅದರ ಕರ್ತೃಪದ ‘ದೇವರು’, ಕ್ರಿಯಾಪದ ‘ಉಂಟುಮಾಡಿದನು’. ಕನ್ನಡ ಮೇಷ್ಟರು ಕೆಂಪು ಮಸಿಯಲ್ಲಿ ಗುರುತು ಹಾಕುವಂಥ ವಾಕ್ಯ: ಕರ್ತೃ ಬಹುವಚನ, ಕ್ರಿಯೆ ಏಕವಚನ. ಹೀಬ್ರೂ ಮೂಲದಲ್ಲೂ ಹಾಗೆಯೇ ಇದೆ! ಅಲ್ಲಿ ದೇವರಿಗಿರುವ ‘ಎಲೋಹೀಮ್’ ಪದ ರೂಪದಲ್ಲಿ ಬಹುವಚನ, ಅದರ ಕ್ರಿಯಾಪದ ಏಕವಚನ. ಹಾಗಾದರೆ ಹೀಬ್ರೂವನ್ನು ಕಾಪಿ ಹೊಡೆದರೇ? ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಜನರ ಬಾಯಲ್ಲಿ ಮೊದಲಿನಿಂದಲೂ ಇರುವುದೇ ಅದು. ದೇವರಿದ್ದಾನೆ ಬಿಡಿ ಅನ್ನುತ್ತೇವೆ. ದೇವರು ಕಣ್ಣು ಬಿಟ್ಟ ಅನ್ನುತ್ತೇವೆ. ಯಾವ ಜಾತಿ, ಯಾವ ಮತದವರೇ ಇರಲಿ, ಕನ್ನಡಿಗರ ದೇವರು ಹೆಸರಿನಲ್ಲಿ ಬಹುವಚನ, ಕೆಲಸದಲ್ಲಿ ಏಕವಚನ. ಹ್ಯಾಂಡ್ಸ್ ಪಕ್ಕದಲ್ಲಿ ಕೂತಿದ್ದ, ಮುಖಪುಟದಲ್ಲಿ ಹೆಸರಿಲ್ಲದ ಪಂಡಿತರ ಬಾಯಿಂದಲೇ ಅದು ಬಂದಿರಬೇಕು ಎಂದು ನಾನು ನಂಬಿದ್ದೇನೆ. ದೈವವಿದ್ಯೆಯ ದೊಡ್ಡ ಪ್ರಶ್ನೆಯೊಂದನ್ನು ಸಂತೆಮಾತು ಎಂದೋ ಬಗೆಹರಿಸಿಟ್ಟಿತ್ತು.

ಪುಸ್ತಕ ಬಂತು ನಿಜ. ಅದು ಮನೆಯೊಳಗೆ, ದೀಪದ ಬುಡಕ್ಕೆ ಬಂದದ್ದು ಹೇಗೆ? ಅದಕ್ಕೆ ಮಂಗಳೂರಿಗೆ ಹೋಗಬೇಕು. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್, ಅಲ್ಲಿ ಬಂದಿಳಿದರು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಾದರೂ ಆ ಮಿಷನ್ನಿನವರಲ್ಲಿ ಬಹಳ ಮಂದಿ ಜರ್ಮನಿಯ ವ್ಯುರ್ಟೆಂಬರ್ಗಿನ ರೈತರ, ಕಸುಬುದಾರರ ಮನೆಯಿಂದ ಬಂದವರು. ಆ ಸೀಮೆಯಲ್ಲಿ ಪಯಟಿಸಂ ಎಂಬ ಭಕ್ತಿಚಳವಳಿ ಬೇರುಬಿಟ್ಟಿತ್ತು. 1675ರಲ್ಲಿ ಸ್ಪೇನರ್ ಎಂಬ ಪಾದ್ರಿ, ವಾರಕ್ಕೊಮ್ಮೆ ಉಪದೇಶ ಕೇಳಿದರೆ ಸಾಲದು, ಸಾಮಾನ್ಯ ಜನರೇ ಸೇರಿ ಬೈಬಲ್ ಓದಿ ಮಾತಾಡಿಕೊಳ್ಳಬೇಕು ಎಂದು ಬರೆದಿದ್ದ. ಚಮ್ಮಾರನೂ ನೇಕಾರನೂ ಸಂಜೆ ಒಬ್ಬರ ಮನೆಯಲ್ಲಿ ಸೇರಿ ಓದತೊಡಗಿದರು. ಸರ್ಕಾರಕ್ಕೆ ಇದು ಅನುಮಾನ ತಂದಿತು. ಕೊನೆಗೆ 1743ರಲ್ಲಿ ವ್ಯುರ್ಟೆಂಬರ್ಗಿನಲ್ಲಿ ಇಂಥ ಮನೆಕೂಟಗಳಿಗೆ ಸರ್ಕಾರಿ ಆಜ್ಞೆಯ ಒಪ್ಪಿಗೆಯೇ ಸಿಕ್ಕಿತು.

ಆ ಸಂಜೆಯ ಓದೇ ಹಡಗು ಹತ್ತಿ ಮಂಗಳೂರಿಗೆ, ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂತು. ಅದೇ 1841ರಲ್ಲಿ ಬಾಸೆಲ್ ಮಿಷನ್ನಿನ ವೈಗ್ಲೆ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರು ಮಾಡಿದ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಹೊರತಂದದ್ದೂ ಆ ಕಲ್ಲಚ್ಚಿನಲ್ಲೇ. ಬಳ್ಳಾರಿಯ ಬೈಬಲನ್ನು ತಿದ್ದುವ ಕೆಲಸಕ್ಕೂ ವೈಗ್ಲೆ ಕೈ ಹಾಕಿದ, ಆದರೆ 1855ರಲ್ಲಿ ತೀರಿಕೊಂಡ. ಈ ಜರ್ಮನರು ತಮ್ಮ ಮನೆಯಲ್ಲಿ ದೇವರನ್ನು ಕರೆಯುತ್ತಿದ್ದದ್ದು ಏಕವಚನದಲ್ಲೇ. ಬಳ್ಳಾರಿಯ ಇಂಗ್ಲಿಷರ ಬೈಬಲಿನಲ್ಲೂ ಹಾಗೆಯೇ. ‘ನಿನ್ನ’ ಎಂಬುದು ಇಲ್ಲಿ ಗಟ್ಟಿಯಾಗಿ ಕೂತಿತು.

ಅದೇ ಮಿಷನ್ನಿನ ಕಿಟೆಲ್ ಹೆಸರು ಹೇಳಿದರೆ ಎಲ್ಲರಿಗೂ 1894ರ ಕನ್ನಡ ನಿಘಂಟು ನೆನಪಾಗುತ್ತದೆ. ನನಗೆ ಅವನ ‘ಕಥಾಮಾಲೆ’ ನೆನಪಾಗುತ್ತದೆ. ಯೇಸುವಿನ ಕತೆಯನ್ನು ಅವನು ಕನ್ನಡದ ಪದ್ಯಕ್ಕೆ ಇಳಿಸಿ 1862ರಲ್ಲಿ ತಂದ ಪುಸ್ತಕ ಅದು. ಜರ್ಮನ್ ರಾಗಕ್ಕೆ ಕನ್ನಡ ಪದ ತುರುಕಿದರೆ ಹಾಡು ಹಾಡಾಗುವುದಿಲ್ಲ ಎಂಬುದು ಅವನಿಗೆ ಗೊತ್ತಾಗಿತ್ತು. ನಮ್ಮ ಸಭೆಗಳಲ್ಲಿ ಇಂದಿಗೂ ಕೆಲವು ಹಾಡುಗಳು ಮೂರನೇ ಸಾಲಿನಲ್ಲಿ ಉಸಿರು ಕಟ್ಟಿಸುತ್ತವೆ. ಆಗೆಲ್ಲ ನಾನು ಕಿಟೆಲನನ್ನು ನೆನೆಯುತ್ತೇನೆ.

ಈಗ ನಮ್ಮ ಅಜ್ಜಿಯ ವಿಷಯ. ಅವಳಿಗೆ ಓದಲು ಬರುತ್ತಿರಲಿಲ್ಲ. ಸಂಜೆ ಕೈಕಾಲು ತೊಳೆದು ಚಾಪೆ ಹಾಸಿ, ಕಪ್ಪು ರಟ್ಟಿನ ಸತ್ಯವೇದವನ್ನು ನನ್ನ ತೊಡೆಯ ಮೇಲಿಡುತ್ತಿದ್ದಳು. ನಾನು ಓದಬೇಕು. ತಪ್ಪಿದರೆ, ಅಕ್ಷರ ಬಾರದ ಅಜ್ಜಿಯೇ ತಿದ್ದುತ್ತಿದ್ದಳು: ‘ಆ ವಚನ ಹಂಗಿಲ್ಲೋ, ಇನ್ನೊಮ್ಮೆ ನೋಡು.’ ಬೈಬಲಿನ ಒಂದೊಂದು ವಾಕ್ಯಕ್ಕೂ ಕನ್ನಡದಲ್ಲಿ ‘ವಚನ’ ಎಂದೇ ಹೆಸರು. ನಮ್ಮ ಓಣಿಯ ಲಿಂಗಾಯತರ ಮನೆಯಲ್ಲೂ ಸಂಜೆ ವಚನವೇ, ನಮ್ಮಲ್ಲೂ ವಚನವೇ. ದಾವೀದನ ಹಾಡುಗಳಿಗೆ ‘ಕೀರ್ತನೆಗಳು’ ಎಂದು ಹೆಸರಿಟ್ಟಿದ್ದಾರೆ, ದಾಸರ ಮಾತು ಅದು. ಇನ್ನು ದೇವರನ್ನು ಕರೆಯುವ ಪಾಠವನ್ನಂತೂ ಕನ್ನಡಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. ವಚನಕಾರರಲ್ಲಿ ‘ನೀ’ಯೂ ಇದೆ, ‘ನಿಮ್ಮ’ವೂ ಇದೆ. ದಾಸರು ಸಿಟ್ಟು ಬಂದರೆ ಏಕವಚನದಲ್ಲೇ ದೇವರನ್ನು ದಬಾಯಿಸುತ್ತಾರೆ.

ಓದು ಮುಗಿದ ಮೇಲೆ ದೊಡ್ಡಪ್ಪನ ಪ್ರಾರ್ಥನೆ. ಅಲ್ಲಿಯವರೆಗೆ ‘ಏನ್ಲೇ, ಬಾರಲೇ’ ಎನ್ನುತ್ತಿದ್ದ ಮನುಷ್ಯ ಕಣ್ಣು ಮುಚ್ಚಿದ ಕೂಡಲೇ ಅಚ್ಚಿನ ಕನ್ನಡಕ್ಕೆ ಹೊರಳುತ್ತಿದ್ದ. ಎಲ್ಲವೂ ಮಾಡಲ್ಪಡಲಿ, ಕೊಡಲ್ಪಡಲಿ. ಈ ‘ಪಡಲಿ’ ಅಚ್ಚಿನ ಕನ್ನಡದ್ದು. ಯಾವ ಕನ್ನಡಿಗನೂ ಅಂಗಡಿಯಲ್ಲಿ ಎರಡು ಕಿಲೊ ಜೋಳ ತೂಗಲ್ಪಡಲಿ ಅನ್ನುವುದಿಲ್ಲ. ಕೊನೆಗೆ ಅಜ್ಜಿಯ ಸರದಿ. ಅವಳು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು, ‘ಎಪ್ಪಾ ತಂದಿ, ಮಳಿ ಎಲ್ಲಿಟ್ಟೀಯೋ, ಬ್ಯಾಗ ಕೊಡು’ ಎಂದು ಶುರು ಮಾಡುತ್ತಿದ್ದಳು. ಅವಳ ಪ್ರಾರ್ಥನೆಯಲ್ಲಿ ಕಳೆದುಹೋದ ಹೇಂಟೆಯೂ ಬರುತ್ತಿತ್ತು, ಬಾಕಿ ಉಳಿಸಿಕೊಂಡ ಕಿರಾಣಿ ಲೆಕ್ಕವೂ ಬರುತ್ತಿತ್ತು. ಬಳ್ಳಾರಿಯಲ್ಲಿ ಹ್ಯಾಂಡ್ಸ್ ಇಪ್ಪತ್ತು ವರ್ಷ ಹುಡುಕಿದ ಕನ್ನಡ ಇದೇ ಇರಬಹುದು ಎಂದು ಈಗ ಅನ್ನಿಸುತ್ತದೆ.

ಕಥೋಲಿಕರ ಕಡೆ ದೊಡ್ಡ ಬದಲಾವಣೆ ಬಂದದ್ದು ಎರಡನೇ ವ್ಯಾಟಿಕನ್ ಮಹಾಸಭೆಯಿಂದ. 1963ರ ಡಿಸೆಂಬರಿನಲ್ಲಿ ಅದು ಹೊರಡಿಸಿದ ಆರಾಧನಾ ಸಂವಿಧಾನ ಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಗುರುಗಳು ಜನರ ಕಡೆ ಮುಖ ಮಾಡಿ ನಿಂತು ಕನ್ನಡದಲ್ಲಿ ಪೂಜೆ ಅರ್ಪಿಸತೊಡಗಿದರು. ಆಮೇಲೆ ಬಂದ ಹೊಸ ಅನುವಾದದಲ್ಲಿ ದೇವರು ‘ಮಾಡಿದರು’. ನಮ್ಮ ಹಳೆಯ ಸತ್ಯವೇದದಲ್ಲಿ ‘ಯೆಹೋವ’ ಎಂದಿದ್ದ ಕಡೆ ಅಲ್ಲಿ ‘ಸರ್ವೇಶ್ವರ’, ‘ಯೇಸು ಹೇಳಿದನು’ ಎಂದಿದ್ದ ಕಡೆ ‘ಯೇಸುಸ್ವಾಮಿ ಹೇಳಿದರು’. ಓದಲು ಅದು ಸರಾಗ, ಒಪ್ಪುತ್ತೇನೆ. ಆದರೂ ಗಲಿಲಾಯದ ಬೆಸ್ತರು, ಕುಷ್ಠರೋಗಿಗಳು ‘ನೀನು’ ಎಂದು ಕೂಗಿ ಕರೆಯುವಾಗಿನ ಆ ಸಲಿಗೆ ನನಗೆ ಹಳೆಯದರಲ್ಲೇ ಕೇಳಿಸುತ್ತದೆ. ಅಭ್ಯಾಸದ ಮಾತಿರಬಹುದು. ಮಂಗಳೂರಿನ ಕೊಂಕಣಿ ಕಥೋಲಿಕರ ಪಾಡು ಇನ್ನೂ ಸ್ವಾರಸ್ಯದ್ದು. ಸಂಜೆ ತೆರ್ಸ್, ಅಂದರೆ ಜಪಸರ, ಹೇಳುವಾಗ ಮನೆಮಾತಿನಲ್ಲಿ ದೇವರಿಗೆ ‘ತುಜೆಂ’ ಎಂದು ಏಕವಚನ, ಕನ್ನಡ ಪೂಜೆಗೆ ಹೋದರೆ ಅದೇ ದೇವರಿಗೆ ‘ನಿಮ್ಮ’.

ಅಜ್ಜಿ ಹೋದ ಮೇಲೆ ಮನೆಯ ಸಂಜೆ ಪ್ರಾರ್ಥನೆಯನ್ನು ಚಿಗವ್ವನೇ ನಡೆಸುತ್ತಾಳೆ. ಮದುವೆಯಾಗಿ ಬಂದು ಮೂವತ್ತು ವರ್ಷವಾಯಿತು. ಸತ್ಯವೇದ ಓದುತ್ತಾಳೆ, ಹಾಡು ಎತ್ತುತ್ತಾಳೆ. ಕರ್ತನ ಪ್ರಾರ್ಥನೆ ಬಂದಾಗ ಮಾತ್ರ ನಾನು ಪ್ರತಿ ಸಲವೂ ಕಿವಿಗೊಟ್ಟು ಕೇಳುತ್ತೇನೆ. ‘ತಂದೆಯೇ’ ಎಂದು ಜೋರಾಗಿ ಹೇಳಿ, ಮುಂದಿನ ಮಾತಿನ ‘ನಿ’ ಅಷ್ಟನ್ನು ಅಂದು ಅವಳು ದನಿ ತಗ್ಗಿಸುತ್ತಾಳೆ. ಉಳಿದರ್ಧವನ್ನು ಮೊಮ್ಮಕ್ಕಳು ಕೂಗಿ ಮುಗಿಸುತ್ತಾರೆ.